ವಿಷದ ನೆಲ: ಅಳತೆಯ ಹಣ ಯಾರದಾಗಿರಬೇಕು?

2001ರ ಮಾರ್ಚ್ ತಿಂಗಳಲ್ಲಿ ತಮಿಳುನಾಡಿನ ಕೊಡೈಕೆನಾಲ್ ಪಟ್ಟಣದ ಮೂಂಜಿಕಲ್ ಭಾಗದ ಗುಜರಿ ಅಂಗಡಿಯೊಂದರಲ್ಲಿ ಒಡೆದ ಗಾಜಿನ ದೊಡ್ಡ ರಾಶಿಯೊಂದು ಜನರ ಕಣ್ಣಿಗೆ ಬಿತ್ತು. ಹರಿದ ಚೀಲಗಳಿಂದ ಹೊರಚೆಲ್ಲಿದ್ದ ಆ ಚೂರುಗಳಲ್ಲಿ ಪಾದರಸ ಅಂಟಿಕೊಂಡಿತ್ತು. ಅದು ಅದೇ ಊರಿನಲ್ಲಿದ್ದ ಜ್ವರಮಾಪಕ ಕಾರ್ಖಾನೆಯ ತ್ಯಾಜ್ಯ. ಪಳನಿ ಬೆಟ್ಟಗಳ ಸಂರಕ್ಷಣಾ ಮಂಡಳಿಯವರು, ಗ್ರೀನ್‌ಪೀಸ್ ಸಂಸ್ಥೆಯವರು ಮತ್ತು ಊರಿನ ನಿವಾಸಿಗಳು ಸೇರಿ ಅದನ್ನು ಬಯಲಿಗೆಳೆದರು. ಅದೇ ತಿಂಗಳು ಕಾರ್ಖಾನೆಯ ಉತ್ಪಾದನೆ ನಿಂತಿತು, ಮತ್ತೆ ಆರಂಭವಾಗಲಿಲ್ಲ.

ಕೊಡೈಕೆನಾಲ್ ದೊಡ್ಡ ಊರೇನಲ್ಲ. 2011ರ ಜನಗಣತಿಯಂತೆ ಅಲ್ಲಿನ ಜನಸಂಖ್ಯೆ 36,501. ಸಮುದ್ರಮಟ್ಟದಿಂದ ಸುಮಾರು 2,100 ಮೀಟರ್ ಎತ್ತರದಲ್ಲಿರುವ ಈ ಪಟ್ಟಣದ ಸುತ್ತ ಶೋಲಾ ಕಾಡು, ಹುಲ್ಲುಗಾವಲು, ತೊರೆಗಳಿವೆ. ಕಾರ್ಖಾನೆಯ ಆವರಣದ ಕೆಳಗಿನ ಇಳಿಜಾರಿನಲ್ಲಿ ಪಾಂಬಾರ್ ಶೋಲಾ ಇದೆ. ಅಲ್ಲಿ ಜಿನುಗಿದ ನೀರು ಹೊಳೆಯಾಗಿ ಬೆಟ್ಟದ ಬುಡದ ಊರುಗಳಿಗೆ ಇಳಿಯುತ್ತದೆ. ಇಂಥ ನೆತ್ತಿಯ ನೆಲದ ಮೇಲೆ, 1980ರ ದಶಕದ ಮೊದಲ ಭಾಗದಲ್ಲಿ, ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಾಟರ್‌ಟೌನ್ ಎಂಬ ಊರಿನಿಂದ ಯಂತ್ರಗಳ ಸಮೇತ ಈ ಕಾರ್ಖಾನೆಯನ್ನು ತಂದು ನಿಲ್ಲಿಸಲಾಯಿತು. ಮೊದಲು ಪಾಂಡ್ಸ್ ಕಂಪನಿಯ ಒಡೆತನದಲ್ಲಿದ್ದ ಅದು ಮುಂದೆ ಹಿಂದೂಸ್ತಾನ್ ಲಿವರ್ (ಈಗಿನ ಹಿಂದೂಸ್ತಾನ್ ಯೂನಿಲಿವರ್) ಕೈಗೆ ಬಂತು. 2003ರಲ್ಲಿ 290 ಟನ್ ಪಾದರಸಯುಕ್ತ ತ್ಯಾಜ್ಯವನ್ನು ಹಡಗಿನಲ್ಲಿ ಮರಳಿ ಅಮೆರಿಕಕ್ಕೇ ಸಾಗಿಸಲಾಯಿತು.

ಕಣ್ಣಿಗೆ ಕಾಣುವ ಕಸ ಹೀಗೆ ಹೋಯಿತು. ಕಣ್ಣಿಗೆ ಕಾಣದೆ ಮಣ್ಣಿನಲ್ಲಿ ಇಳಿದದ್ದು ಎಷ್ಟು, ಮಳೆನೀರಿನೊಡನೆ ಕಾಡಿಗೆ ಹರಿದದ್ದು ಎಷ್ಟು, ಆವಿಯಾಗಿ ಊರಿನ ಗಾಳಿಯಲ್ಲಿ ಸೇರಿದ್ದು ಎಷ್ಟು ಎಂಬ ಪ್ರಶ್ನೆಗಳು ಮಾತ್ರ ಉಳಿದುಕೊಂಡವು. ಎರಡು ದಶಕಗಳ ಕಾಲ ಆ ಊರು ಜಗ್ಗಾಡಿದ್ದು ಮುಖ್ಯವಾಗಿ ಈ 'ಎಷ್ಟು' ಎಂಬ ಪದದ ಸುತ್ತಲೇ. ಕಲುಷಿತ ನೆಲವನ್ನು ಅಳೆಯುವುದಕ್ಕೆ ಸಾರ್ವಜನಿಕ ಹಣ ಏಕೆ ಬೇಕು, ಅದು ಮೊದಲೇ ಏಕೆ ಬೇಕು ಎಂಬುದನ್ನು ಅರಿಯಲು ಗುಡ್ಡಗಾಡಿನ ಜನರಿಗೆ ಈ ಊರಿಗಿಂತ ಹತ್ತಿರದ ಪಾಠ ಇನ್ನೊಂದಿಲ್ಲ.

ಅಳೆದವರು ಯಾರು?

ಪಾದರಸವು ಸಾಮಾನ್ಯ ಉಷ್ಣತೆಯಲ್ಲಿ ದ್ರವವಾಗಿಯೇ ಇರುವ ಲೋಹ. ಅದು ತಾನಾಗಿಯೇ ಆವಿಯಾಗುತ್ತದೆ. ಆ ಆವಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನರಮಂಡಲಕ್ಕೂ ಮೂತ್ರಪಿಂಡಕ್ಕೂ ಅದು ಮಾರಕ. ಕೆರೆಹೊಳೆಗಳ ತಳದ ಕೆಸರಿನಲ್ಲಿ ಸೂಕ್ಷ್ಮಜೀವಿಗಳು ಅದನ್ನು ಮೀಥೈಲ್ ಪಾದರಸವೆಂಬ ಇನ್ನೂ ಅಪಾಯಕಾರಿ ರೂಪಕ್ಕೆ ಪರಿವರ್ತಿಸುತ್ತವೆ. ಅಲ್ಲಿಂದ ಅದು ಮೀನಿಗೆ, ಮೀನಿನಿಂದ ಮನುಷ್ಯನಿಗೆ ಸಾಗುತ್ತದೆ. 1956ರಲ್ಲಿ ಜಪಾನಿನ ಮಿನಮಾಟದಲ್ಲಿ ಬೆಳಕಿಗೆ ಬಂದ ದುರಂತದಲ್ಲೂ ಮೀಥೈಲ್ ಪಾದರಸ ಮನುಷ್ಯರನ್ನು ತಲುಪಿದ್ದು ಮೀನಿನ ಮೂಲಕವೇ. ಇಂಥ ವಿಷ ನೆಲಕ್ಕೆ ಬಿದ್ದಿದೆಯೆಂದರೆ ಜನರ ಅನುಭವವೊಂದೇ ಸಾಕ್ಷಿಯಾಗಲಾರದು. ಹೊಟ್ಟೆನೋವು, ತಲೆನೋವು, ಕೈನಡುಕ, ಗರ್ಭಪಾತ ಇವುಗಳನ್ನು ನೊಂದವರು ಹೇಳಿಕೊಂಡರೆ ಬೇರೆ ಕಾರಣಗಳನ್ನು ತೋರಿಸಿ ತಳ್ಳಿಹಾಕುವುದು ಸುಲಭ. ಅಂಕಿಗೆ ಅಂಕಿಯಿಂದಲೇ ಉತ್ತರ ಕೊಡಬೇಕಾಗುತ್ತದೆ. ಆ ಅಂಕಿಯನ್ನು ಪಡೆಯಲು ಪ್ರಯೋಗಾಲಯ ಬೇಕು, ಪರಿಣತರು ಬೇಕು, ಮುಖ್ಯವಾಗಿ ಹಣ ಬೇಕು.

ಕೊಡೈಕೆನಾಲಿನ ಪುರಸಭೆಗೆ ಅಂಥ ಹಣವಿರಲಿಲ್ಲ. ಕೆಲಸ ಕಳೆದುಕೊಂಡ ಕಾರ್ಮಿಕರಿಗಂತೂ ಅದು ಯೋಚಿಸಲೂ ಆಗದ ಮಾತು. ಕಾರ್ಖಾನೆಯ ಮಣ್ಣಿನ ಮೊದಲ ವಿವರವಾದ ವರದಿಗಳು ಬಂದದ್ದು ಕಂಪನಿಯೇ ನೇಮಿಸಿಕೊಂಡ ಸಲಹಾ ಸಂಸ್ಥೆಯಿಂದ. ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆಯಂತಹ ಸರ್ಕಾರಿ ಸಂಸ್ಥೆಗಳು ಬಂದದ್ದು ಅನಂತರ. ಮಾಲಿನ್ಯ ಮಾಡಿದವನೇ ಖರ್ಚನ್ನು ಹೊರಬೇಕೆಂಬುದು ನ್ಯಾಯವೇ ಸರಿ. ಆ ದೃಷ್ಟಿಯಿಂದ ನೋಡಿದರೆ ಇಲ್ಲಿ ತಪ್ಪೇನಿದೆ ಎಂದು ಯಾರಾದರೂ ಕೇಳಬಹುದು. ತಪ್ಪು ಇರುವುದು ಹಣ ಹೋಗುವ ದಾರಿಯಲ್ಲಿ. ಹಣ ಕೊಡುವವನೇ ಪರಿಣತನನ್ನು ಆರಿಸಿದರೆ, ಎಲ್ಲಿ ಅಗೆಯಬೇಕು, ಎಷ್ಟು ಆಳ ಅಗೆಯಬೇಕು, ಬೇಲಿಯಾಚೆಯ ಕಾಡನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕೇ ಬೇಡವೇ ಎಂಬ ಮೊದಲ ತೀರ್ಮಾನಗಳೆಲ್ಲ ಅವನ ಮನೆಯಂಗಳದಲ್ಲೇ ಆಗುತ್ತವೆ. ವರದಿಯಲ್ಲಿ ಒಂದಂಕಿಯೂ ಸುಳ್ಳಿರದಿದ್ದರೂ ಊರಿನವರು ಅದನ್ನು ನಂಬಲಾರರು.

ನಡೆದದ್ದೂ ಹಾಗೆಯೇ. ಒಂದು ಕಿಲೋ ಮಣ್ಣಿನಲ್ಲಿ ಎಷ್ಟು ಪಾದರಸ ಉಳಿದರೆ ನೆಲ ಶುದ್ಧವಾಯಿತೆನ್ನಬೇಕು ಎಂಬ ವಿವಾದ ವರ್ಷಗಟ್ಟಲೆ ಎಳೆಯಿತು. 20 ಮಿಲಿಗ್ರಾಂ ಎಂಬ ಮಿತಿಯನ್ನು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿತು. ಶೋಲಾ ಕಾಡಿನ, ಹೊಳೆಯ ಮೂಲದ ಮಗ್ಗುಲಲ್ಲಿರುವ ನೆಲಕ್ಕೆ ಅದು ತೀರಾ ಸಡಿಲವಾದ ಮಿತಿ, ಇದೇ ಕಂಪನಿಯ ತಾಯ್ನೆಲದಲ್ಲಾದರೆ ಇದಕ್ಕಿಂತ ಬಿಗಿಯಾದ ಮಿತಿ ಅನ್ವಯವಾಗುತ್ತಿತ್ತು ಎಂಬುದು ಹೋರಾಟಗಾರರ ವಾದ. ಕಾರ್ಮಿಕರ ಆರೋಗ್ಯಕ್ಕೆ ಹಾನಿಯಾಗಿಲ್ಲವೆಂಬುದು ಕಂಪನಿಯ ನಿಲುವು. ಕಡೆಗೆ 2016ರ ಮಾರ್ಚ್‌ನಲ್ಲಿ 591 ಮಾಜಿ ಕಾರ್ಮಿಕರೊಡನೆ ಮದರಾಸು ಹೈಕೋರ್ಟಿನ ಮುಂದೆ ರಾಜಿ ಒಪ್ಪಂದವಾಯಿತು. ಕಾರ್ಖಾನೆ ಮುಚ್ಚಿ ಆಗ 15 ವರ್ಷಗಳಾಗಿದ್ದವು.

ಕಲ್ಲುಹೂವಿನ ಸಾಕ್ಷ್ಯ

ಈ ಕಥೆಯ ನಡುವೆ ಹೆಚ್ಚು ಜನರ ಗಮನಕ್ಕೆ ಬಾರದ ಒಂದು ಸಂಗತಿ ಇದೆ. ಕೇಂದ್ರ ಸರ್ಕಾರದ ಅಣುಶಕ್ತಿ ಇಲಾಖೆಗೆ ಸೇರಿದ ಹೈದರಾಬಾದಿನ ಕೇಂದ್ರವೊಂದರ ವಿಜ್ಞಾನಿಗಳು ಕೊಡೈಕೆನಾಲಿಗೆ ಬಂದು ಮರಗಳ ತೊಗಟೆಯ ಮೇಲಿನ ಕಲ್ಲುಹೂವನ್ನೂ ಹಾವಸೆಯನ್ನೂ ಕೆರೆದು ಒಯ್ದರು. ಮಲೆನಾಡಿನ ಮಕ್ಕಳಿಗೆಲ್ಲ ಪರಿಚಿತವಾದ ಈ ಜೀವಿಗಳಿಗೆ ನೆಲದಿಂದ ಹೀರುವ ಬೇರಿಲ್ಲ. ಬೇಕಾದದ್ದನ್ನು ಅವು ಗಾಳಿಯಿಂದ, ಮಳೆ ಮಂಜಿನಿಂದ ಪಡೆಯುತ್ತವೆ. ಆದ್ದರಿಂದ ಗಾಳಿಯಲ್ಲಿ ವರ್ಷಗಳಿಂದ ಏನಿತ್ತು ಎಂಬುದರ ದಾಖಲೆ ಅವುಗಳ ಮೈಯಲ್ಲೇ ಉಳಿದಿರುತ್ತದೆ. ಕಾರ್ಖಾನೆಯ ಹತ್ತಿರದ ಕಲ್ಲುಹೂವಿನಲ್ಲಿ ಪಾದರಸದ ಅಂಶ ಬಹಳ ಹೆಚ್ಚಿರುವುದು ಪರೀಕ್ಷೆಯಿಂದ ಗೊತ್ತಾಯಿತು. 2003ರಲ್ಲಿ ಈ ಅಧ್ಯಯನ ಪ್ರಕಟವಾಯಿತು. 2006ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಅವರು ಕೊಡೈ ಕೆರೆಯ ನೀರು, ಕೆಸರು ಮತ್ತು ಮೀನನ್ನು ಪರೀಕ್ಷಿಸಿ, ದೂರದ ಬೇರಿಜಂ ಮತ್ತು ಕುಕ್ಕಲ್ ಕೆರೆಗಳೊಡನೆ ಹೋಲಿಸಿದರು. ಊರಿನ ನಡುವಿನ ಕೆರೆಗೂ ಪಾದರಸ ತಲುಪಿರುವುದು ಅದರಿಂದ ಸ್ಪಷ್ಟವಾಯಿತು.

ಈ ವಿಜ್ಞಾನಿಗಳಿಗೆ ಸಂಬಳ ಕೊಡುತ್ತಿದ್ದುದು ದೇಶದ ಬೊಕ್ಕಸ. ಕಂಪನಿ ಗೆದ್ದರೂ ಸೋತರೂ ಅವರಿಗೆ ಲಾಭವಿಲ್ಲ, ನಷ್ಟವಿಲ್ಲ. ಅವರು ಬೇಲಿಯೊಳಗೆ ನಿಂತು ಅಳೆಯಲಿಲ್ಲ. ಊರನ್ನೂ ಕೆರೆಯನ್ನೂ ಅಳೆದರು. ಹೋರಾಟಗಾರರ ಕೈಗೆ ನಂಬಿಕೆಗೆ ಅರ್ಹವಾದ ಅಂಕಿಗಳು ದೊರೆತದ್ದು ಹೀಗೆ. ಸಾರ್ವಜನಿಕ ಹಣದಲ್ಲಿ ನಡೆದ ಸಣ್ಣ ಪ್ರಮಾಣದ ಅಳತೆಯೊಂದು ಇಷ್ಟು ಮಾಡಬಹುದಾದರೆ, ಅದೇ ಕೆಲಸ ಯಾರದೋ ಸಂಶೋಧನಾ ಆಸಕ್ತಿಯನ್ನು ಕಾಯದೆ, ಊರಿನ ಹಕ್ಕಾಗಿ, ದೂರು ಬಂದ ಮೊದಲ ವರ್ಷದಲ್ಲೇ ನಡೆದಿದ್ದರೆ ಎಷ್ಟು ಕಾಲ ಉಳಿಯುತ್ತಿತ್ತು ಎಂಬುದನ್ನು ಊಹಿಸಬಹುದು.

ರಾಜಸ್ಥಾನದ ಉದಯಪುರದ ಬಳಿಯ ಬಿಛ್ರಿ ಎಂಬ ಹಳ್ಳಿಯ ಅನುಭವವೂ ಇದನ್ನೇ ಹೇಳುತ್ತದೆ. 1980ರ ದಶಕದ ಕೊನೆಯಲ್ಲಿ ಅಲ್ಲಿ ಬಣ್ಣದ ಉದ್ಯಮಕ್ಕೆ ಬೇಕಾದ 'ಎಚ್ ಆಸಿಡ್' ಎಂಬ ರಾಸಾಯನಿಕದ ತಯಾರಿಕೆಯಿಂದ ಉಳಿದ ಕೆಸರನ್ನು ಬಯಲಲ್ಲಿ ಸುರಿದು ಬಾವಿಗಳ ನೀರನ್ನೆಲ್ಲ ಕೆಡಿಸಲಾಯಿತು. ಪರಿಸರ ಸಂಘಟನೆಯೊಂದು 1989ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನ ಆದೇಶದಂತೆ ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ ನೆಲವನ್ನೂ ಅಂತರ್ಜಲವನ್ನೂ ಅಳೆದು, ಸರಿಪಡಿಸಲು 37 ಕೋಟಿ ರೂಪಾಯಿಗೂ ಹೆಚ್ಚು ಬೇಕೆಂದು ಲೆಕ್ಕ ಕೊಟ್ಟಿತು. 1996ರ ತೀರ್ಪು ಮಾಲಿನ್ಯ ಮಾಡಿದವನೇ ತೆರಬೇಕೆಂಬ ತತ್ತ್ವವನ್ನು ಈ ನೆಲದ ಕಾನೂನಾಗಿ ನಿಲ್ಲಿಸಿತು. ಆ ತತ್ತ್ವ ಹಳ್ಳಿಯವರ ಬಾಯಲ್ಲಿ 'ಮಾಡಿದ್ದುಣ್ಣೋ ಮಹಾರಾಯ' ಎಂದು ಮೊದಲಿನಿಂದಲೂ ಇದ್ದದ್ದೇ. ಆದರೆ ಉಣ್ಣಿಸಬೇಕಾದರೆ ಮಾಡಿದ್ದು ಎಷ್ಟು ಎಂಬ ಲೆಕ್ಕ ಕೈಯಲ್ಲಿರಬೇಕು. ಬಿಛ್ರಿಯಲ್ಲಿ ಆ ಲೆಕ್ಕವನ್ನು ಪಡೆಯಲು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು. ತಪ್ಪಿತಸ್ಥರು ಹಣ ಕಟ್ಟದೆ ಎಳೆದಾಡಿದ್ದರಿಂದ 2011ರಲ್ಲಿ ಅದೇ ನ್ಯಾಯಾಲಯ ಚಕ್ರಬಡ್ಡಿಯ ಸಮೇತ ಕಟ್ಟುವಂತೆ ಮತ್ತೆ ಆದೇಶಿಸಬೇಕಾಯಿತು.

ಅಮೆರಿಕ ಕಲಿತ ಪಾಠ

ಕೊಡೈಕೆನಾಲಿಗೆ ಕಾರ್ಖಾನೆಯನ್ನು ಕಳಿಸಿದ ದೇಶ ತನ್ನ ಸಣ್ಣ ಊರುಗಳಿಗಾಗಿ ಏನು ಮಾಡಿಕೊಂಡಿತು ಎಂಬುದನ್ನು ನೋಡುವುದು ಉಚಿತ. ನ್ಯೂಯಾರ್ಕ್ ರಾಜ್ಯದ ನಯಾಗರಾ ಫಾಲ್ಸ್ ಎಂಬಲ್ಲಿ ಹುಕರ್ ಕೆಮಿಕಲ್ ಕಂಪನಿ ಸುಮಾರು 20,000 ಟನ್ ರಾಸಾಯನಿಕ ಕಸವನ್ನು ಹಳೆಯ ಕಾಲುವೆಯೊಂದರಲ್ಲಿ ಹೂತು, 1953ರಲ್ಲಿ ಆ ಜಾಗವನ್ನು ಒಂದು ಡಾಲರಿಗೆ ಶಾಲಾ ಮಂಡಳಿಗೆ ಕೊಟ್ಟಿತು. ಅದರ ಮೇಲೆ ಶಾಲೆ, ಸುತ್ತ ಮನೆಗಳು ಎದ್ದವು. 'ಲವ್ ಕೆನಾಲ್' ಎಂದು ಕರೆಯಲಾದ ಆ ಬಡಾವಣೆಯಲ್ಲಿ ಲೋಯಿಸ್ ಗಿಬ್ಸ್ ಎಂಬ ಗೃಹಿಣಿಯ ಮುಂದಾಳ್ತನದಲ್ಲಿ ನಿವಾಸಿಗಳೇ ಮನೆಮನೆಯ ಕಾಯಿಲೆಗಳನ್ನು ಪಟ್ಟಿಮಾಡಿದರು. 1978ರಲ್ಲಿ ಸರ್ಕಾರ ತುರ್ತುಸ್ಥಿತಿ ಘೋಷಿಸಿತು. 1980ರಲ್ಲಿ 'ಸೂಪರ್‌ಫಂಡ್' ಎಂಬ ಹೆಸರಿನ ಕಾಯಿದೆ ಬಂತು. ರಾಸಾಯನಿಕ ಮತ್ತು ಪೆಟ್ರೋಲಿಯಂ ಉದ್ಯಮಗಳ ಮೇಲೆ ತೆರಿಗೆ ಹಾಕಿ, ಆ ನಿಧಿಯಿಂದ ಮೊದಲು ನೆಲವನ್ನು ಸರಿಪಡಿಸುವುದು, ಬಳಿಕ ತಪ್ಪಿತಸ್ಥನಿಂದ ವಸೂಲು ಮಾಡುವುದು ಅದರ ಕ್ರಮ.

ಆದರೆ ದೊಡ್ಡ ದುರಂತಗಳಿಗಷ್ಟೇ ಈ ಕಾಯಿದೆ ಸಾಕಾಗಿತ್ತು. ಪಾಳುಬಿದ್ದ ಗಿರಣಿ, ಹಳೆಯ ಪೆಟ್ರೋಲ್ ಬಂಕು, ಮುಚ್ಚಿದ ಚರ್ಮದ ಮಂಡಿ ಇಂಥವು ಸಣ್ಣ ಊರುಗಳ ನಡುವೆ ಸಾವಿರಾರು ಇದ್ದವು. ಒಳಗೇನಿದೆಯೋ ಎಂಬ ಅನುಮಾನದಿಂದ ಯಾರೂ ಮುಟ್ಟದ ಇಂಥ ನೆಲವನ್ನು ಅಲ್ಲಿ 'ಬ್ರೌನ್‌ಫೀಲ್ಡ್' ಎನ್ನುತ್ತಾರೆ. 1995ರಿಂದ ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಇಂಥ ನೆಲವನ್ನು ಕೇವಲ ಪರೀಕ್ಷಿಸುವುದಕ್ಕಾಗಿಯೇ ಊರುಗಳ ಆಡಳಿತಗಳಿಗೆ ಅನುದಾನ ಕೊಡತೊಡಗಿತು. 2002ರ ಕಾಯಿದೆ ಇದಕ್ಕೆ ಶಾಶ್ವತ ನೆಲೆ ಒದಗಿಸಿತು. ಅಳತೆ ಎರಡು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಮಣ್ಣನ್ನು ಮುಟ್ಟುವುದೇ ಇಲ್ಲ. ಹಳೆಯ ದಾಖಲೆ, ನಕ್ಷೆ, ಹಿರಿಯರ ನೆನಪು, ಸ್ಥಳದಲ್ಲಿ ಓಡಾಡಿ ಕಂಡದ್ದು ಇವುಗಳಿಂದ ಎಲ್ಲಿ ಏನಿರಬಹುದೆಂದು ಗುರುತಿಸಲಾಗುತ್ತದೆ. ಎರಡನೆಯ ಹಂತದಲ್ಲಿ ಮಣ್ಣು, ನೀರಿನ ಮಾದರಿಗಳು ಪ್ರಯೋಗಾಲಯಕ್ಕೆ ಹೋಗುತ್ತವೆ. ಮಾಲಿನ್ಯಕ್ಕೆ ತಾನೇ ಹೊಣೆಯಾದವನು ಈ ಅನುದಾನಕ್ಕೆ ಅರ್ಹನಲ್ಲ.

ಆ ದೇಶದ ವ್ಯವಸ್ಥೆಯನ್ನು ಹಾಡಿಹೊಗಳಬೇಕಾಗಿಲ್ಲ. 1995ರಲ್ಲಿ ಉದ್ಯಮಗಳ ಮೇಲಿನ ಸೂಪರ್‌ಫಂಡ್ ತೆರಿಗೆಯ ಅವಧಿ ಮುಗಿದಾಗ ಅದನ್ನು ಮುಂದುವರಿಸಲಿಲ್ಲ. ಹೊರೆ ಸಾಮಾನ್ಯ ತೆರಿಗೆದಾರರ ಮೇಲೆ ಬಿತ್ತು, ಕೆಲಸ ನಿಧಾನವಾಯಿತು. 2021ರ ಕಾಯಿದೆಯಿಂದಷ್ಟೇ ರಾಸಾಯನಿಕಗಳ ಮೇಲಿನ ತೆರಿಗೆ ಮರಳಿ ಬಂತು. ಬ್ರೌನ್‌ಫೀಲ್ಡ್ ಅನುದಾನದ ಹಿಂದೆ ಜಾಗವನ್ನು ಮತ್ತೆ ಮಾರುಕಟ್ಟೆಗೆ ತರುವ ಆಸೆಯೂ ಕೆಲಸ ಮಾಡುತ್ತದೆ. ಹಾಗಿದ್ದರೂ ಒಂದು ಅಂಶ ಗಮನಾರ್ಹ. ಅಲ್ಲಿನ ಪುಟ್ಟ ಊರೊಂದು ತನ್ನ ನೆಲವನ್ನು ಅಳೆಯಿಸಲು ಕಂಪನಿಯ ದಯೆಯನ್ನಾಗಲಿ, ನ್ಯಾಯಾಲಯದ ಆದೇಶವನ್ನಾಗಲಿ ಕಾಯಬೇಕಾಗಿಲ್ಲ.

ನಿಯಮ ಬಂದಿದೆ, ಹಣ?

ಭಾರತದಲ್ಲಿ ಕಲುಷಿತ ನೆಲಕ್ಕೆಂದೇ ಪ್ರತ್ಯೇಕ ನಿಯಮಗಳು ಬಂದದ್ದು 2025ರ ಜುಲೈನಲ್ಲಿ. ಅದರಂತೆ ಸ್ಥಳೀಯ ಸಂಸ್ಥೆ ಅಥವಾ ಜಿಲ್ಲಾಡಳಿತವು ತಾನಾಗಿಯಾಗಲಿ, ಜನರ ದೂರಿನ ಮೇಲಾಗಲಿ ಶಂಕಿತ ತಾಣಗಳನ್ನು ಗುರುತಿಸಿ ಆರು ತಿಂಗಳಿಗೊಮ್ಮೆ ಪಟ್ಟಿ ಕೊಡಬೇಕು. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ 90 ದಿನಗಳಲ್ಲಿ ಪ್ರಾಥಮಿಕ ಪರೀಕ್ಷೆ, ಅನಂತರದ ಮೂರು ತಿಂಗಳಲ್ಲಿ ವಿವರವಾದ ಪರೀಕ್ಷೆ ನಡೆಸಬೇಕು. ಮಾಲಿನ್ಯ ದೃಢಪಟ್ಟರೆ ಜಾಗವನ್ನು ಸಾರ್ವಜನಿಕವಾಗಿ ಪ್ರಕಟಿಸಿ ಅಲ್ಲಿಗೆ ಪ್ರವೇಶವನ್ನು ನಿರ್ಬಂಧಿಸಬೇಕು. ಹೊಣೆಗಾರನನ್ನು ಪತ್ತೆಹಚ್ಚಿ ಶುದ್ಧೀಕರಣದ ವೆಚ್ಚವನ್ನು ಅವನಿಂದ ಪಡೆಯಬೇಕು. ಹೊಣೆಗಾರ ಸಿಗದಿದ್ದಲ್ಲಿ ಅಥವಾ ಅವನಿಗೆ ಶಕ್ತಿಯಿಲ್ಲದಿದ್ದಲ್ಲಿ ಕೇಂದ್ರ, ರಾಜ್ಯ ಸರ್ಕಾರಗಳು ಆ ಹೊರೆ ಹೊರಬೇಕು.

ಇದು ಸ್ವಾಗತಾರ್ಹ. ಆದರೂ ಈ ನಿಯಮಗಳಲ್ಲಿ ಎರಡು ದೊಡ್ಡ ಕೊರತೆಗಳಿವೆ. ಅಳೆಯುವುದಕ್ಕೆ ದಿನ ನಿಗದಿಯಾಗಿದೆ. ಶುದ್ಧಗೊಳಿಸುವುದಕ್ಕೆ ಗಡುವು ನಿಗದಿಯಾಗಿಲ್ಲ. ಎರಡನೆಯದು, ಕೇವಲ ಗಣಿಗಾರಿಕೆಯಿಂದಾದ ಮಾಲಿನ್ಯವನ್ನು ಇದರ ವ್ಯಾಪ್ತಿಯಿಂದ ಹೊರಗಿಡಲಾಗಿದೆ. ನಿಯಮ ಹೊರಬಂದ ಸಮಯಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದಲ್ಲಿ ಗುರುತಿಸಿದ್ದ ಕಲುಷಿತ ತಾಣಗಳು 103. ಶುದ್ಧೀಕರಣ ಆರಂಭವಾಗಿದ್ದದ್ದು ಏಳರಲ್ಲಿ ಮಾತ್ರ.

ಹಣದ ವಿಷಯದಲ್ಲಿ ಹಿಂದಿನ ಅನುಭವ ಕಹಿಯಾದದ್ದು. 2010ರಲ್ಲಿ ಕಲ್ಲಿದ್ದಲಿನ ಮೇಲೆ ಟನ್ನಿಗೆ 50 ರೂಪಾಯಿಯ ಉಪಕರವನ್ನು ಹಾಕಿ ಶುದ್ಧ ಇಂಧನ ನಿಧಿಯನ್ನು ಸ್ಥಾಪಿಸಲಾಯಿತು. 2016ರ ವೇಳೆಗೆ ಆ ಉಪಕರ 400 ರೂಪಾಯಿಗೆ ಏರಿತು. ಪರಿಸರದ ಕೆಲಸಗಳಿಗೆಂದು ಸಂಗ್ರಹಿಸಿದ ಈ ಹಣವು 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ರಾಜ್ಯಗಳ ತೆರಿಗೆ ನಷ್ಟ ತುಂಬುವ ಲೆಕ್ಕಕ್ಕೆ ಹೋಯಿತು. ಹೀಗೆ ಬೇರೆ ಕಡೆಗೆ ತಿರುಗಿಸಲು ಬರುವ ಹಣದ ಮೇಲೆ ಊರುಗಳ ಆರೋಗ್ಯವನ್ನು ನಿಲ್ಲಿಸಲಾಗದು. ನೆಲದ ಅಳತೆಗೆಂದೇ ಪ್ರತ್ಯೇಕ ಲೆಕ್ಕಶೀರ್ಷಿಕೆಯಲ್ಲಿ, ಪ್ರತಿವರ್ಷದ ಮುಂಗಡಪತ್ರದಲ್ಲಿ ಹಣ ಕಾಣಬೇಕು. ಇಲ್ಲವಾದರೆ 90 ದಿನಗಳ ಗಡುವು ಕಾಗದದ ಮೇಲೆಯೇ ಉಳಿಯುತ್ತದೆ.

ಕರ್ನಾಟಕದ ಎರಡು ಊರುಗಳು

ಗಣಿಯ ನೆಲವನ್ನು ಹೊರಗಿಟ್ಟಿರುವುದು ಕರ್ನಾಟಕಕ್ಕೆ ಸಣ್ಣ ವಿಷಯವಲ್ಲ. ಕೋಲಾರದ ಚಿನ್ನದ ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದವು. ನೂರಕ್ಕೂ ಹೆಚ್ಚು ವರ್ಷ ಅದಿರನ್ನು ಪುಡಿಮಾಡಿ ಚಿನ್ನ ಬಸಿದ ಮೇಲೆ ಉಳಿದ ಹುಡಿ ಊರಿನ ನಡುವೆಯೇ ಬೆಟ್ಟಗಳಂತೆ ನಿಂತಿದೆ. ಜನ ಅವನ್ನು ಸಯನೈಡ್ ದಿಬ್ಬಗಳೆಂದೇ ಕರೆಯುತ್ತಾರೆ. ಗಾಳಿ ಎದ್ದಾಗ ಆ ಹುಡಿ ಮನೆಯೊಳಗೆ ಬರುತ್ತದೆ. 2024ರಲ್ಲಿ ರಾಜ್ಯ ಸಚಿವ ಸಂಪುಟ ಇಂಥ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಪ್ರಸ್ತಾವಕ್ಕೆ ಒಪ್ಪಿಗೆ ನೀಡಿತು. ಅವುಗಳಲ್ಲಿ ಮೂರು ಕೋಟಿ ಟನ್ನಿಗೂ ಹೆಚ್ಚು ಹುಡಿಯಿದೆಯೆಂಬ ಲೆಕ್ಕ ಆ ಸಂದರ್ಭದಲ್ಲಿ ಪತ್ರಿಕೆಗಳಲ್ಲಿ ಬಂತು. ಒಂದು ಟನ್ನು ಹುಡಿಯಲ್ಲಿ ಎಷ್ಟು ಚಿನ್ನವಿದೆ ಎಂದು ಅಳೆಯಲು ಹಣ ಒದಗುತ್ತದೆ. ಅದೇ ಹುಡಿಯನ್ನು ಉಸಿರಾಡುವ ಮಗುವಿನ ಮೈಗೆ ಏನು ಸೇರುತ್ತಿದೆ ಎಂದು ಅಳೆಯಲು ಅಷ್ಟೇ ಉತ್ಸಾಹದಿಂದ ಹಣ ಒದಗಬೇಕಲ್ಲವೇ?

ಇತ್ತ ಮಲೆನಾಡಿನ ಕುದುರೆಮುಖದಲ್ಲಿ, ಜನಹೋರಾಟ ಮತ್ತು 2002ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ 2005ರ ಕೊನೆಯಲ್ಲಿ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು. ಹೋರಾಟ ಗೆದ್ದಿತೆಂಬ ಸಮಾಧಾನ ನ್ಯಾಯವಾದದ್ದೇ. ಆದರೆ ಗಣಿಯ ಹೂಳು ಲಕ್ಯಾ ಹಳ್ಳದ ಅಣೆಕಟ್ಟೆಯ ಹಿಂದೆ ಹಾಗೆಯೇ ಇದೆ. ಕೆಳಗೆ ಭದ್ರಾ ಹರಿಯುತ್ತಾಳೆ. ಆ ಹೂಳಿನಲ್ಲಿ, ಹಳೆಯ ಯಂತ್ರಾಗಾರಗಳ ಎಣ್ಣೆ ಬಿದ್ದ ನೆಲದಲ್ಲಿ ಹಾನಿಕಾರಕವಾದುದು ಇದೆಯೆನ್ನಲು ಅಳತೆ ಬೇಕು. ಇಲ್ಲವೆಂದು ಜನರಿಗೆ ಧೈರ್ಯ ಹೇಳಲೂ ಅಳತೆಯೇ ಬೇಕು. ಕಂಪನಿ ಹೋದ ಮೇಲೆ ಊರೂ ಖಾಲಿಯಾಗುತ್ತದೆ. ಕೇಳುವವರು ಕಡಿಮೆಯಾದಷ್ಟೂ ಅಳತೆಯ ಹಣ ದೂರವಾಗುತ್ತದೆ. ಸಣ್ಣ ಊರುಗಳಿಗೆ ಸರ್ಕಾರದ ಅನುದಾನ ವಿಶೇಷವಾಗಿ ಬೇಕಾಗುವುದು ಈ ಕಾರಣದಿಂದ.

ಮೂರು ಆಕ್ಷೇಪಗಳು

ಈ ಬೇಡಿಕೆಗೆ ಬರುವ ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಮೊದಲನೆಯದು, ಕಂಪನಿ ಮಾಡಿದ ತಪ್ಪಿಗೆ ಜನರ ತೆರಿಗೆ ಏಕೆ ಖರ್ಚಾಗಬೇಕು ಎಂಬುದು. ಸರ್ಕಾರ ಕೊಡುವ ಹಣ ದಾನವಾಗಬಾರದು, ಮುಂಗಡವಾಗಬೇಕು. ಹೊಣೆಗಾರ ಸಿಕ್ಕ ದಿನ ಅಳತೆಯ ಖರ್ಚನ್ನೂ ಬಡ್ಡಿಸಮೇತ ಅವನಿಂದ ವಸೂಲು ಮಾಡಬೇಕು. ಆದರೆ ಅವನು ಸಿಗುವವರೆಗೆ, ಅವನ ಮೇಲಿನ ಮೊಕದ್ದಮೆ ಮುಗಿಯುವವರೆಗೆ ಬಾವಿಯ ನೀರು ಕುಡಿಯುವವರು ಕಾಯಲಾರರು.

ಎರಡನೆಯದು, ವರದಿಗಳ ಮೇಲೆ ವರದಿ ಬರೆಸಿ ಕಪಾಟು ತುಂಬಿಸುವುದರಿಂದ ಏನು ಪ್ರಯೋಜನ ಎಂಬುದು. 103ರಲ್ಲಿ ಏಳು ಎಂಬ ಲೆಕ್ಕವನ್ನು ನೋಡಿದರೆ ಈ ಸಂದೇಹ ಸಹಜ. ಅಳತೆಯೊಂದೇ ಒಂದು ಚಮಚ ಮಣ್ಣನ್ನೂ ಶುದ್ಧಗೊಳಿಸದು. ಅದಕ್ಕಾಗಿಯೇ ಅಳತೆಯ ಅನುದಾನದೊಡನೆ ಮುಂದಿನ ಕ್ರಮದ ಗಡುವನ್ನೂ ಬಿಗಿಯಬೇಕು. ವರದಿ ಬಂದು ಇಂತಿಷ್ಟು ತಿಂಗಳಲ್ಲಿ ಕೆಲಸ ಆರಂಭವಾಗದಿದ್ದರೆ ಉತ್ತರಿಸುವ ಹೊಣೆ ಯಾರದೆಂದು ನಿಯಮದಲ್ಲೇ ಬರೆಯಬೇಕು.

ಮೂರನೆಯ ಆಕ್ಷೇಪ ಊರಿನೊಳಗಿಂದಲೇ ಬರುತ್ತದೆ. ನೆಲ ಕೆಟ್ಟಿದೆಯೆಂದು ಸರ್ಕಾರಿ ವರದಿ ಬಂದರೆ ಪ್ರವಾಸಿಗಳು ಬರುವುದಿಲ್ಲ, ತರಕಾರಿಗೆ ಬೆಲೆ ಸಿಗುವುದಿಲ್ಲ, ಮಕ್ಕಳಿಗೆ ಸಂಬಂಧ ಕೂಡಿಬರುವುದಿಲ್ಲ ಎಂಬ ಅಳುಕು ಅದು. ಬಡ ಕುಟುಂಬಕ್ಕೆ ಇದು ನಿಜವಾದ ಭಯ. ಅದನ್ನು ಅಜ್ಞಾನವೆಂದು ಹೀಗಳೆಯಬಾರದು. ಆದರೆ ಅನುಮಾನಕ್ಕೆ ಎಲ್ಲೆಯಿಲ್ಲ. ಅಳತೆಯಿಲ್ಲದಿದ್ದರೆ ಇಡೀ ಊರಿಗೆ ಕಳಂಕ ಹತ್ತುತ್ತದೆ. ಅಳೆದರೆ ಈ ಎರಡು ಎಕರೆ ಕೆಟ್ಟಿದೆ, ಉಳಿದ ನೆಲ ಚೆನ್ನಾಗಿದೆ, ಈ ಬಾವಿ ಬೇಡ, ಆ ಬಾವಿ ಆದೀತು ಎಂದು ಗೆರೆ ಎಳೆಯಬಹುದು. ಆ ಗೆರೆಯೊಳಗೆ ಜಮೀನು ಸಿಕ್ಕಿಕೊಂಡವರಿಗೆ ಪರಿಹಾರ ಕೊಡುವ ಮಾತೂ ಅನುದಾನದ ಜೊತೆಗೇ ಬರಬೇಕು. ಇಲ್ಲದಿದ್ದರೆ ಅವರು ಮಣ್ಣು ತೆಗೆಯಲು ಬಂದವರನ್ನು ಗೇಟಿನಲ್ಲೇ ತಡೆದಾರು. ತಡೆದರೆ ಅವರನ್ನು ದೂಷಿಸುವಂತೆಯೂ ಇಲ್ಲ.

ಊರು ಮಾಡಬಹುದಾದದ್ದು

ಅಳತೆಯ ಮೊದಲ ಹಂತಕ್ಕೆ ಯಂತ್ರ ಬೇಕಿಲ್ಲ. ಕೀಟನಾಶಕದ ಡಬ್ಬಗಳನ್ನು ಎಸ್ಟೇಟಿನ ಯಾವ ಮೂಲೆಯಲ್ಲಿ ಹೂಳಲಾಗಿತ್ತು, ಹಳೆಯ ಪೆಟ್ರೋಲ್ ಬಂಕಿನ ತೊಟ್ಟಿ ಎಲ್ಲಿತ್ತು, ಮರಕ್ಕೆ ಔಷಧ ಹೊಡೆಯುತ್ತಿದ್ದ ಸಾಮಿಲ್ಲಿನ ನೀರು ಯಾವ ಹಳ್ಳಕ್ಕೆ ಹೋಗುತ್ತಿತ್ತು, ಪಟ್ಟಣದ ಕಸವನ್ನು ಯಾವ ತೊರೆಯ ತಲೆಯಲ್ಲಿ ಸುರಿಯುತ್ತಿದ್ದರು ಎಂಬುದು ಊರಿನ ಹಿರಿಯರಿಗೆ, ಅಲ್ಲಿ ಕೂಲಿ ಮಾಡಿದವರಿಗೆ ಗೊತ್ತು. ದೂರದಿಂದ ಬಂದ ಸಲಹಾ ಸಂಸ್ಥೆಗೆ ಅದು ಗೊತ್ತಿರುವುದಿಲ್ಲ. ಶಾಲೆ ಕಾಲೇಜುಗಳ ವಿದ್ಯಾರ್ಥಿಗಳು ಈ ನೆನಪುಗಳನ್ನು ಬರೆದುಕೊಂಡು ಗ್ರಾಮದ ನಕ್ಷೆಯ ಮೇಲೆ ಗುರುತು ಹಾಕಿದರೆ, ಅದನ್ನೇ ದೂರಿನ ರೂಪದಲ್ಲಿ ಪಂಚಾಯಿತಿಗೂ ಜಿಲ್ಲಾಡಳಿತಕ್ಕೂ ಸಲ್ಲಿಸಬಹುದು. ಹೊಸ ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ನೆನಪುಳ್ಳವರು ಒಬ್ಬೊಬ್ಬರಾಗಿ ತೀರಿಹೋಗುತ್ತಿರುವುದರಿಂದ ಈ ಕೆಲಸವನ್ನು ಮುಂದೂಡುವಂತಿಲ್ಲ.

ಎರಡನೆಯ ಹಂತಕ್ಕೆ ಬೇಕಾದ ಹಣವನ್ನು ಕೇಳುವಾಗ ಕೆಲವು ಷರತ್ತುಗಳನ್ನೂ ಜೊತೆಗೆ ಕೇಳಬೇಕು. ಜಾಗದ ಒಡೆಯನೋ ಕಂಪನಿಯೋ ಪರೀಕ್ಷಕರನ್ನು ಆರಿಸಬಾರದು. ಮಾದರಿಯನ್ನು ಗ್ರಾಮಸ್ಥರ ಎದುರಿನಲ್ಲಿ ತೆಗೆದು, ಮೊಹರು ಹಾಕಿ, ಒಂದು ಪಾಲನ್ನು ಬೇರೊಂದು ಪ್ರಯೋಗಾಲಯಕ್ಕೆ ಕಳಿಸುವ ಹಕ್ಕು ಪಂಚಾಯಿತಿಗಿರಬೇಕು. ವರದಿ ಕನ್ನಡದಲ್ಲಿರಬೇಕು, ಅದನ್ನು ಗ್ರಾಮಸಭೆಯಲ್ಲಿ ಓದಿ ಹೇಳಬೇಕು. ಬೇಲಿಯಾಚೆಯ ಕಾಡು, ಹಳ್ಳ, ಬಾವಿಗಳೂ ಅಳತೆಯೊಳಗೆ ಬರಬೇಕು. ಗಣಿಯ ಹೂಳನ್ನು ಹೊರಗಿಟ್ಟ ನಿಯಮವನ್ನು ತಿದ್ದಬೇಕೆಂಬ ಒತ್ತಾಯ ಕೋಲಾರದಿಂದಲೂ ಕುದುರೆಮುಖದಿಂದಲೂ ಒಟ್ಟಿಗೆ ಏಳಬೇಕು.

ಕೊಡೈಕೆನಾಲಿನ ಗುಜರಿ ಅಂಗಡಿಯಲ್ಲಿ ಆ ರಾಶಿ ಕಂಡ ದಿನ ಊರಿನವರ ಕೈಯಲ್ಲಿ ಅಳತೆಯ ಹಣವಿದ್ದಿದ್ದರೆ ಪಾದರಸ ಮಾಯವಾಗುತ್ತಿರಲಿಲ್ಲ, ಸತ್ತವರು ಬದುಕಿ ಬರುತ್ತಿರಲಿಲ್ಲ. ಆದರೆ ಎಷ್ಟು ಬಿದ್ದಿದೆ, ಎಲ್ಲಿ ಬಿದ್ದಿದೆ ಎಂಬ ಮೊದಲ ಉತ್ತರವನ್ನು ಊರು ತಾನೇ ಹೇಳುತ್ತಿತ್ತು. ಕಂಪನಿ ಅದಕ್ಕೆ ಉತ್ತರ ಕೊಡಬೇಕಾಗುತ್ತಿತ್ತು. ಮುಂದಿನ ಮುಂಗಡಪತ್ರದ ಹೊತ್ತಿಗೆ ಮಲೆನಾಡಿನ ಪಂಚಾಯಿತಿಗಳು ಕೇಳಬೇಕಾದದ್ದು ಇಷ್ಟನ್ನೇ.